ಅಮ್ಮನ ರಂಗೋಲಿಯ ಎಡಭಾಗ ಮತ್ತು ಗ್ಲಿಯೊಬ್ಲಾಸ್ಟೊಮಾ

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ತಂದೆಯವರ ಜೊತೆ ಇದ್ದಾರೆ. ಎರಡು ತಿಂಗಳಿಂದ ಅವರು ಬಾಗಿಲಿಗೆ ಹಾಕುವ ರಂಗೋಲಿಯ ಎಡಭಾಗವನ್ನು ಅರ್ಧಕ್ಕೇ ಬಿಡುತ್ತಿದ್ದರು, ಸೀರೆಯ ನೆರಿಗೆ ಹಿಡಿಯಲು ತಡಕಾಡುತ್ತಿದ್ದರು. ನಾವು ವಯಸ್ಸಾಯಿತು, ನಿಶ್ಶಕ್ತಿ ಎಂದುಕೊಂಡೆವು. ಒಂದು ಬೆಳಿಗ್ಗೆ ಎಡಗೈ ಅದುರತೊಡಗಿ ಪ್ರಜ್ಞೆ ತಪ್ಪಿತು. ಎಂಆರ್‌ಐಯಲ್ಲಿ ಮಿದುಳಿನ ಬಲಭಾಗದಲ್ಲಿ ಗೆಡ್ಡೆ ಕಂಡು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಂಡದ್ದನ್ನೆಲ್ಲ ತೆಗೆದಿದ್ದೇವೆ ಎಂದ ವೈದ್ಯರೇ ಈಗ ಇದು ಗ್ಲಿಯೊಬ್ಲಾಸ್ಟೊಮಾ, ಗ್ರೇಡ್ 4, ರೇಡಿಯೇಷನ್ ಮತ್ತು ಕೀಮೋ ಮಾತ್ರೆ ಬೇಕು ಎನ್ನುತ್ತಿದ್ದಾರೆ. ನಾವು ಮೊದಲೇ ಗುರುತಿಸಬಹುದಿತ್ತೇ? ಎಲ್ಲವನ್ನೂ ತೆಗೆದ ಮೇಲೆ ಮತ್ತೆ ಚಿಕಿತ್ಸೆ ಏಕೆ? ಇದು ಮೊಬೈಲ್‌ನಿಂದ ಬಂತೇ, ಮಕ್ಕಳಾದ ನಮಗೂ ಬರುತ್ತದೆಯೇ? ಅಮ್ಮನಿಗೆ ವಿಷಯ ತಿಳಿಸಬೇಕೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯ ಒಳಗೆ ತಪ್ಪು ನಮ್ಮದೇ ಇರಬಹುದೆಂಬ ನೋವು ಇದೆ. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ರಂಗೋಲಿಯ ಎಡಭಾಗ ಖಾಲಿ ಉಳಿಯುತ್ತಿದ್ದುದನ್ನು ನೀವು ಗಮನಿಸಿದ್ದಿರಿ, ಆದರೆ ಅದು ಮಿದುಳಿನ ಮಾತು ಎಂದು ಓದಲು ನಿಮಗೆ ಯಾರೂ ಕಲಿಸಿರಲಿಲ್ಲ. ಗ್ಲಿಯೊಬ್ಲಾಸ್ಟೊಮಾ ವೇಗವಾಗಿ ಬೆಳೆಯುವ ಮಿದುಳಿನ ಕ್ಯಾನ್ಸರ್; ಮೊದಲ ಲಕ್ಷಣದಿಂದ ರೋಗ ಪತ್ತೆಯಾಗುವವರೆಗೆ ಸಾಮಾನ್ಯವಾಗಿ ಕೆಲವು ವಾರಗಳು ಅಥವಾ ಕೆಲವೇ ತಿಂಗಳುಗಳು ಕಳೆದಿರುತ್ತವೆ, ನಿಮ್ಮ ಮನೆಯಲ್ಲಿ ಆದದ್ದೂ ಅಷ್ಟೇ. ಆರು ವಾರ ಮೊದಲು ಸ್ಕ್ಯಾನ್ ಮಾಡಿಸಿದ್ದರೆ ಗೆಡ್ಡೆ ಚಿಕ್ಕದಿರುತ್ತಿತ್ತು, ಬಹುಶಃ ಫಿಟ್ಸ್ ಬರುತ್ತಿರಲಿಲ್ಲ. ರೋಗದ ಸ್ವಭಾವ ಮಾತ್ರ ಇದೇ ಆಗಿರುತ್ತಿತ್ತು. ಸ್ತನ ಅಥವಾ ಗರ್ಭಕಂಠದ ಕ್ಯಾನ್ಸರಿನಂತೆ ಮೊದಲೇ ಹಿಡಿದರೆ ಪೂರ್ತಿ ವಾಸಿಯಾಗುವ ಹಂತವೊಂದು ಇದಕ್ಕಿಲ್ಲ. ಬೇಗ ಗುರುತಿಸುವುದರಿಂದ ಲಾಭವಿಲ್ಲವೆಂದು ಇದರ ಅರ್ಥವಲ್ಲ. ನಡೆದಾಡುವ ಶಕ್ತಿ ಉಳಿದಿರುವಾಗಲೇ ಶಸ್ತ್ರಚಿಕಿತ್ಸೆಗೆ ಬಂದವರು ಮುಂದಿನ ಚಿಕಿತ್ಸೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ, ಮತ್ತು ನಿಮ್ಮ ತಾಯಿಯವರು ಆ ಸ್ಥಿತಿಯಲ್ಲಿಯೇ ಬಂದಿದ್ದಾರೆ.

ಆ ರಂಗೋಲಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇತರ ಓದುಗರಿಗೆ ಇದರಿಂದ ಹೆಚ್ಚು ಪ್ರಯೋಜನವಿದೆ. ಮಿದುಳಿನ ಬಲಭಾಗದ ಮೇಲು ಹಿಂಬದಿಯ ಪ್ರದೇಶ, ಅಂದರೆ ಪೆರೈಟಲ್ ಹಾಲೆ, ನಮ್ಮ ಸುತ್ತಲಿನ ಜಾಗದ ಲೆಕ್ಕವಿಡುತ್ತದೆ. ಅಲ್ಲಿ ಪೆಟ್ಟಾದಾಗ ಎಡಗಡೆಯ ಜಗತ್ತು ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಇಂತಹವರು ಬಾಳೆಲೆಯ ಬಲಗಡೆ ಬಡಿಸಿದ್ದನ್ನು ಊಟ ಮಾಡಿ, ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳನ್ನು ಮುಟ್ಟದೆ ಎದ್ದುಬಿಡುತ್ತಾರೆ. ಬಾಗಿಲು ದಾಟುವಾಗ ಎಡಭುಜ ತಗುಲಿಸಿಕೊಳ್ಳುತ್ತಾರೆ. ಕುಪ್ಪಸದ ಎಡತೋಳು ಹಾಕಿಕೊಳ್ಳುವುದನ್ನು ಮರೆಯುತ್ತಾರೆ. ಬಟ್ಟೆ ಉಡುವುದು, ನೆರಿಗೆ ಹಿಡಿಯುವುದು ಕೈಗೆ ಬಲವಿದ್ದರೂ ಗೊಂದಲವಾಗುತ್ತದೆ. ಕೇಳಿದರೆ ನನಗೇನೂ ಆಗಿಲ್ಲ ಎಂದೇ ಹೇಳುತ್ತಾರೆ. ಅದು ಹಟವಲ್ಲ, ಕೊರತೆಯನ್ನು ಅರಿಯುವ ಶಕ್ತಿಯೇ ಅದೇ ಪ್ರದೇಶದ ಹಾನಿಯಿಂದ ಕುಂದಿರುತ್ತದೆ. ಈ ಅಂಶ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಗೆಡ್ಡೆ ಬೇರೆ ಕಡೆ ಇದ್ದರೆ ಲಕ್ಷಣವೂ ಬೇರೆ. ಹಣೆಯ ಹಿಂದಿನ ಫ್ರಂಟಲ್ ಹಾಲೆಯಲ್ಲಿ ಬೆಳೆದಾಗ ಮನುಷ್ಯ ನಿಧಾನವಾಗಿ ನಿರಾಸಕ್ತನಾಗುತ್ತಾನೆ: ಅಂಗಡಿಯ ಲೆಕ್ಕ ಬರೆಯುವುದು ನಿಲ್ಲುತ್ತದೆ, ಮೊಮ್ಮಗು ಬಂದರೂ ಮುಖದಲ್ಲಿ ಕಳೆ ಬರುವುದಿಲ್ಲ, ಮೂತ್ರದ ಹತೋಟಿ ತಪ್ಪಿದರೂ ಸಂಕೋಚವಿರುವುದಿಲ್ಲ. ಇಂತಹ ಎಷ್ಟೋ ಜನರು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತ ತಿಂಗಳು ಕಳೆದಿರುತ್ತಾರೆ. ಎಡ ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಲ್ಲಾದರೆ ಪದಗಳು ಕೈಕೊಡುತ್ತವೆ. ಸೌಟು ಎನ್ನಲಾಗದೆ ‘ಅದೇ, ಸಾರು ಬಡಿಸೋದು’ ಎನ್ನುತ್ತಾರೆ. ಇಲ್ಲದ ಸುಟ್ಟವಾಸನೆ ಒಂದೆರಡು ನಿಮಿಷ ಮೂಗಿಗೆ ಬಂದು, ಹೊಟ್ಟೆಯಿಂದ ಏನೋ ಮೇಲೆದ್ದಂತಾಗಿ, ಕ್ಷಣಕಾಲ ಶೂನ್ಯದೃಷ್ಟಿ ನೆಡುವುದು ಸಹ ಅಲ್ಲಿನ ಫಿಟ್ಸ್‌ನ ರೂಪವೇ. ಮಿದುಳಿನ ಹಿಂಭಾಗದಲ್ಲಾದರೆ ಎರಡೂ ಕಣ್ಣುಗಳ ನೋಟದ ಒಂದು ಪಾರ್ಶ್ವ ಮಸುಕಾಗುತ್ತದೆ, ಮತ್ತು ಜನರು ಕನ್ನಡಕ ಬದಲಿಸಲು ಹೋಗುತ್ತಾರೆ.

ಮಿದುಳಿನ ಗೆಡ್ಡೆ ಎಂದ ಕೂಡಲೇ ಎಲ್ಲರೂ ಕೇಳುವುದು ತಲೆನೋವಿನ ಬಗ್ಗೆ. ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ. ಅದರ ಹೊದಿಕೆ ಮತ್ತು ರಕ್ತನಾಳಗಳು ಎಳೆತಕ್ಕೆ ಸಿಕ್ಕಾಗ ಮಾತ್ರ ನೋವಾಗುತ್ತದೆ. ಹಾಗಾಗಿ ದೊಡ್ಡ ಗೆಡ್ಡೆಯಿದ್ದರೂ ತಲೆನೋವು ಇಲ್ಲದಿರಬಹುದು, ಮತ್ತು ವರ್ಷಗಳಿಂದ ಒಂದೇ ರೀತಿ ಬಂದುಹೋಗುವ ತಲೆನೋವಿನ ಹಿಂದೆ ಗೆಡ್ಡೆ ಇರುವುದು ಬಹಳ ಅಪರೂಪ. ಹಿಂದೆಂದೂ ಇಲ್ಲದ ನೋವು ಶುರುವಾಗಿ ವಾರದಿಂದ ವಾರಕ್ಕೆ ಏರುತ್ತ, ಮಲಗಿದಾಗ ಅಥವಾ ಮುಂಜಾನೆ ಹೆಚ್ಚಾಗಿ, ವಾಂತಿಯೂ ಮಂಪರೂ ಸೇರಿಕೊಂಡರೆ ಆಗ ತಡಮಾಡಬಾರದು. ನಾನು ವಿದ್ಯಾರ್ಥಿಗಳಿಗೆ ಪದೇಪದೇ ಹೇಳುವುದೂ ಇದನ್ನೇ: ಯಾವ ಲಕ್ಷಣ ಎಂಬುದಕ್ಕಿಂತ ಅದು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಕೇಳಿ. ಪಾರ್ಶ್ವವಾಯು ನಿಮಿಷಗಳಲ್ಲಿ ಬಂದೆರಗುತ್ತದೆ. ಮೈಗ್ರೇನ್ ಬರುತ್ತದೆ, ಹೋಗುತ್ತದೆ. ವೇಗದ ಗೆಡ್ಡೆಯ ಲಕ್ಷಣವಾದರೋ ಒಂದೇ ಕಡೆಗೆ ಜರುಗುತ್ತ ಹೋಗುತ್ತದೆ, ಹೋದ ತಿಂಗಳು ಚಪ್ಪಲಿ ಜಾರುತ್ತಿದ್ದ ಕಾಲು ಈ ತಿಂಗಳು ಎಳೆಯುತ್ತದೆ. ದೊಡ್ಡವರಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದರೆ, ಅದು ಕೈಬೆರಳಿನ ಅದುರುವಿಕೆಯಷ್ಟೇ ಆಗಿದ್ದರೂ, ಮಿದುಳಿನ ಸ್ಕ್ಯಾನ್ ಆಗಲೇಬೇಕು. ಕೈಗೆ ಬೀಗದ ಕೈ ಹಿಡಿಸಿ, ಈರುಳ್ಳಿ ಮೂಸಿಸಿ, ನಿಂತಿತಲ್ಲ ಎಂದು ಮನೆಯಲ್ಲೇ ಉಳಿಯುವುದನ್ನು ನಾವು ಬಿಡಬೇಕಾಗಿದೆ. ಫಿಟ್ಸ್ ಹೆಚ್ಚಿನ ಸಲ ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಶ್ರೇಯಸ್ಸು ಮಾತ್ರ ಬೀಗದ ಕೈಗೆ ಹೋಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಸ್ಕ್ಯಾನಿನಲ್ಲಿ ಬಳೆಯಂತೆ ಹೊಳೆಯುವ ಅಂಚು, ಒಳಗೆ ಕಪ್ಪು: ಗ್ಲಿಯೊಬ್ಲಾಸ್ಟೊಮಾ ಹೆಚ್ಚಾಗಿ ಹೀಗೆ ಕಾಣುತ್ತದೆ, ಏಕೆಂದರೆ ವೇಗವಾಗಿ ಬೆಳೆದ ಗೆಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಅದು ಸತ್ತಿರುತ್ತದೆ. ಆದರೆ ಕ್ಷಯರೋಗದ ಗಂಟು, ಹಂದಿ ಲಾಡಿಹುಳುವಿನ ಮರಿಕೋಶದಿಂದಾಗುವ ನ್ಯೂರೊಸಿಸ್ಟಿಸರ್ಕೋಸಿಸ್, ಕೀವಿನ ಬಾವು, ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರಿನಿಂದ ಮಿದುಳಿಗೆ ಹರಡಿದ ಗೆಡ್ಡೆ, ಇವೂ ಬಳೆಯಂತೆಯೇ ಕಾಣಬಲ್ಲವು, ಮತ್ತು ಮೊದಲ ಮೂರೂ ಔಷಧಿಯಿಂದ ವಾಸಿಯಾಗಬಲ್ಲ ಕಾಯಿಲೆಗಳು. ಕೀವಿನ ಬಾವನ್ನು ಬೇರ್ಪಡಿಸಲು ಎಂಆರ್‌ಐನ ಡಿಫ್ಯೂಷನ್ ಚಿತ್ರಗಳು ಬಹಳ ನೆರವಾಗುತ್ತವೆ, ದಪ್ಪ ಕೀವು ಅಲ್ಲಿ ಬೆಳ್ಳಗೆ ಬೆಳಗುತ್ತದೆ. ಆದರೂ ಕೊನೆಯ ಮಾತು ಬಯಾಪ್ಸಿಯದೇ. ಫಿಲ್ಮ್ ನೋಡಿಯೇ ಕ್ಯಾನ್ಸರ್ ಎಂದು ಕೈಚೆಲ್ಲುವುದೂ ತಪ್ಪು, ಟಿ.ಬಿ. ಇರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ಕೊಡುತ್ತ ಮರುಸ್ಕ್ಯಾನ್ ಮಾಡದಿರುವುದೂ ತಪ್ಪು. ನಿಮ್ಮ ತಾಯಿಯವರ ವಿಷಯದಲ್ಲಿ ಅಂಗಾಂಶದ ಪರೀಕ್ಷೆಯೇ ಆಗಿರುವುದರಿಂದ ಈ ಅನುಮಾನ ಮುಗಿದಿದೆ.

ಈಗ ‘ಎಲ್ಲ ತೆಗೆದ ಮೇಲೂ ಏಕೆ’ ಎಂಬ ಪ್ರಶ್ನೆ. ಮಿದುಳಿನಲ್ಲಿ ನರಕೋಶಗಳಿಗೆ ಆಧಾರವಾಗಿ ನಿಂತ ಗ್ಲಿಯಾ ಎಂಬ ಕೋಶಗಳಿವೆ. ಗ್ಲಿಯೊಬ್ಲಾಸ್ಟೊಮಾ ಆ ಕುಲದ ಗೆಡ್ಡೆ. ಅದು ಮಣ್ಣಿನಲ್ಲಿರುವ ಆಲೂಗೆಡ್ಡೆಯಂತೆ ಅಗೆದು ತೆಗೆಯುವ ವಸ್ತುವಲ್ಲ. ಗದ್ದೆಯ ಗರಿಕೆಯಂತೆ ಬೇರುಬಿಟ್ಟಿರುತ್ತದೆ. ಸ್ಕ್ಯಾನಿನಲ್ಲಿ ಹೊಳೆಯುವ ಅಂಚಿನ ಆಚೆಗೂ ಬಿಡಿಬಿಡಿ ಕೋಶಗಳು ಆರೋಗ್ಯವಂತ ನರತಂತುಗಳ ಗುಂಟ ನುಸುಳಿರುತ್ತವೆ, ಅವು ಎಂಆರ್‌ಐಗೂ ಶಸ್ತ್ರಚಿಕಿತ್ಸಕರ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರಚಿಕಿತ್ಸಕರು, ಎಡಭಾಗಕ್ಕೆ ಆಗಲೇ ಪಾರ್ಶ್ವವಾಯು ಬಡಿದಿದ್ದ ಇಂತಹ ರೋಗಿಗಳಲ್ಲಿ ಬಲಗಡೆಯ ಇಡೀ ಅರ್ಧ ಮಿದುಳನ್ನೇ ತೆಗೆದ ವರದಿ ಪ್ರಕಟಿಸಿದರು. ಅಷ್ಟಾದರೂ ರೋಗವನ್ನು ಬುಡಸಮೇತ ಕೀಳಲಾಗಲಿಲ್ಲ. ಆದ್ದರಿಂದ ‘ಕಂಡದ್ದನ್ನೆಲ್ಲ ತೆಗೆದಿದ್ದೇವೆ’ ಎಂಬ ನಿಮ್ಮ ವೈದ್ಯರ ಮಾತು ಅಕ್ಷರಶಃ ನಿಜ, ಅದರಲ್ಲಿ ‘ಕಂಡದ್ದನ್ನು’ ಎಂಬ ಪದಕ್ಕೆ ಪೂರ್ತಿ ತೂಕವಿದೆ. ಕಾಣುವ ಭಾಗವನ್ನು ಸುರಕ್ಷಿತವಾಗಿ ಎಷ್ಟು ಹೆಚ್ಚು ತೆಗೆದರೆ ಅಷ್ಟು ಒಳ್ಳೆಯದು, ಆದರೆ ಮಾತು ಅಥವಾ ನಡಿಗೆಯನ್ನು ಬಲಿಕೊಟ್ಟು ತೆಗೆಯಬಾರದು. ಕಾಣದೆ ಉಳಿದದ್ದಕ್ಕೆ ರೇಡಿಯೇಷನ್ ಮತ್ತು ಔಷಧಿ.

‘ಗ್ರೇಡ್ 4’ ಎಂಬುದನ್ನು ಬಹಳ ಕುಟುಂಬಗಳು ನಾಲ್ಕನೆಯ ಸ್ಟೇಜ್ ಎಂದು, ಅಂದರೆ ದೇಹದಲ್ಲೆಲ್ಲ ಹರಡಿದೆ ಎಂದು ತಿಳಿದು ಕುಸಿಯುತ್ತವೆ. ಗ್ರೇಡ್ ಎನ್ನುವುದು ಗೆಡ್ಡೆಯ ಉಗ್ರತೆಯ ಅಳತೆ, ಹರಡುವಿಕೆಯದಲ್ಲ. ಈ ಗೆಡ್ಡೆ ಮಿದುಳಿನಿಂದ ಹೊರಗೆ ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗುವುದು ತೀರ ಅಪರೂಪ. ವರದಿಯಲ್ಲಿರುವ ‘ಐಡಿಎಚ್ ವೈಲ್ಡ್‌ಟೈಪ್’ ಎಂಬ ಪದಗಳನ್ನು ಹುಡುಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ನಂತರ ಐಡಿಎಚ್ ವಂಶವಾಹಿಯಲ್ಲಿ ಬದಲಾವಣೆ ಇಲ್ಲದವುಗಳನ್ನು ಮಾತ್ರ ವಯಸ್ಕರಲ್ಲಿ ಗ್ಲಿಯೊಬ್ಲಾಸ್ಟೊಮಾ ಎನ್ನುತ್ತೇವೆ. ಬದಲಾವಣೆ ಇದ್ದರೆ ಅದು ಆಸ್ಟ್ರೊಸೈಟೋಮಾ ಅಥವಾ ಆಲಿಗೊಡೆಂಡ್ರೊಗ್ಲಿಯೋಮಾ, ಸಾಮಾನ್ಯವಾಗಿ ಇನ್ನೂ ಎಳೆಯ ವಯಸ್ಸಿನವರಲ್ಲಿ ಬರುವ, ನಿಧಾನವಾಗಿ ನಡೆಯುವ ಕಾಯಿಲೆ. ಮೂರು ಹೆಸರಿಗೂ ಮುನ್ನೋಟ ಬಹಳ ಬೇರೆ ಆಗಿರುವುದರಿಂದ, ಬರಿ ‘ಹೈ ಗ್ರೇಡ್ ಗ್ಲಿಯೋಮಾ’ ಎಂದು ಬರೆದ ವರದಿಗೆ ತೃಪ್ತರಾಗಬೇಡಿ.

ಇನ್ನೊಂದು ಪರೀಕ್ಷೆ ಎಂಜಿಎಂಟಿ. ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಗೆಡ್ಡೆಯ ಕೋಶದ ಡಿಎನ್‌ಎಗೆ ಹಾನಿ ಮಾಡುತ್ತದೆ, ಎಂಜಿಎಂಟಿ ಎಂಬ ಪ್ರೋಟೀನು ಆ ಹಾನಿಯನ್ನು ರಿಪೇರಿ ಮಾಡಿಕೊಳ್ಳುತ್ತದೆ. ಕೆಲವರ ಗೆಡ್ಡೆಯಲ್ಲಿ ಈ ರಿಪೇರಿಯ ವಂಶವಾಹಿ ಮೆಥಿಲೀಕರಣದಿಂದ, ಅಂದರೆ ಅದರ ಮೇಲೆ ಕೂತ ಒಂದು ರಾಸಾಯನಿಕ ಗುರುತಿನಿಂದ, ಬಾಯಿಮುಚ್ಚಿರುತ್ತದೆ, ಅಂಥವರಲ್ಲಿ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ. 2005ರಲ್ಲಿ ಪ್ರಕಟವಾದ, 573 ರೋಗಿಗಳ ಅಧ್ಯಯನವೇ ಇಂದಿನ ಚಿಕಿತ್ಸೆಯ ತಳಹದಿ. ಅದರಲ್ಲಿ ರೇಡಿಯೇಷನ್ ಒಂದನ್ನೇ ಪಡೆದವರ ಬದುಕಿನ ಮಧ್ಯಾಂಕ 12.1 ತಿಂಗಳು, ಮಾತ್ರೆಯನ್ನೂ ಸೇರಿಸಿದವರದು 14.6 ತಿಂಗಳು, ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ಶೇ. 10.4, ಎರಡನೆಯದರಲ್ಲಿ ಶೇ. 26.5. ಎಂಜಿಎಂಟಿ ಮೆಥಿಲೀಕರಣ ಇದ್ದು ಎರಡೂ ಚಿಕಿತ್ಸೆ ಪಡೆದವರಲ್ಲಿ ಮಧ್ಯಾಂಕ 21.7 ತಿಂಗಳಿತ್ತು. ಈ ಅಂಕಿಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹೇಗೂ ಮೊಬೈಲಿನಲ್ಲಿ ಹುಡುಕಿ ಒಂಟಿಯಾಗಿ ಕುಳಿತು ಓದುತ್ತೀರಿ. ಮಧ್ಯಾಂಕವೆಂದರೆ ಗಡುವಲ್ಲ, ಅರ್ಧದಷ್ಟು ಜನ ಅದನ್ನು ದಾಟಿರುತ್ತಾರೆ. ಅದೇ ಅಧ್ಯಯನದಲ್ಲಿ ಎರಡೂ ಚಿಕಿತ್ಸೆ ಪಡೆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಐದು ವರ್ಷ ಬದುಕಿದ್ದರು. ವಯಸ್ಸು, ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾದ ಪ್ರಮಾಣ, ಸ್ವತಃ ಓಡಾಡುವ ಶಕ್ತಿ, ಈ ಮೂರೂ ಲೆಕ್ಕಕ್ಕೆ ಬರುತ್ತವೆ, ಮತ್ತು ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಾಯಿಯವರ ಪರವಾಗಿಯೇ ಇವೆ.

ಚಿಕಿತ್ಸೆಯ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಗಾಯ ಒಣಗಿದ ಮೇಲೆ, ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ, 60 ಗ್ರೇ (ಇದು ರೇಡಿಯೇಷನ್ನಿನ ಅಳತೆಯ ಮಾನ) ರೇಡಿಯೇಷನ್; ಆ ಅವಧಿಯುದ್ದಕ್ಕೂ ಶನಿವಾರ, ಭಾನುವಾರವನ್ನೂ ಬಿಡದೆ ದಿನವೂ ಖಾಲಿ ಹೊಟ್ಟೆಯಲ್ಲಿ ಟೆಮೊಜೊಲೊಮೈಡ್; ನಾಲ್ಕು ವಾರ ಬಿಡುವು; ಆಮೇಲೆ 28 ದಿನಗಳಿಗೊಮ್ಮೆ ಐದು ದಿನ ಹೆಚ್ಚಿನ ಪ್ರಮಾಣದ ಅದೇ ಮಾತ್ರೆ, ಆರು ಸುತ್ತು. 65 ದಾಟಿದವರಿಗೆ, ಸುಸ್ತಾದವರಿಗೆ ಮೂರು ವಾರದ ಮೊಟಕು ಕ್ರಮವೂ ಇದೆ. ಆರು ವಾರ ಬೆಂಗಳೂರಿನಲ್ಲಿ ತಂಗುವುದು ಹಳ್ಳಿಯ ಕುಟುಂಬಕ್ಕೆ ಔಷಧಿಗಿಂತ ದೊಡ್ಡ ಖರ್ಚಾಗಬಹುದು. ಕಿದ್ವಾಯಿ ಸಂಸ್ಥೆಯಲ್ಲಾಗಲಿ ನಿಮ್ಹಾನ್ಸ್‌ನಲ್ಲಾಗಲಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಂಡು ವಸತಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವು, ನಿಮ್ಮ ಊರಿಗೆ ಹತ್ತಿರದ ರೇಡಿಯೇಷನ್ ಕೇಂದ್ರ, ಇವುಗಳ ಬಗ್ಗೆ ಕೇಳಿ. ಇದನ್ನು ಕೇಳಲು ಸಂಕೋಚಪಟ್ಟು ಎರಡನೆಯ ವಾರಕ್ಕೆ ಊರಿಗೆ ಮರಳಿದವರನ್ನು ಕಂಡಿದ್ದೇನೆ. ನನ್ನ ಮನಸ್ಸಿಗೆ ಅದು ಇಂದಿಗೂ ಕಷ್ಟವಾಗುತ್ತದೆ.

ಮನೆಯಲ್ಲಿ ನೋಡಿಕೊಳ್ಳುವವರು ಮಾತ್ರೆಗಳ ಬಗ್ಗೆ ಕೆಲವು ವಿಷಯ ತಿಳಿದಿರಬೇಕು. ಗೆಡ್ಡೆಯ ಸುತ್ತಲಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಒಂದೆರಡು ದಿನದಲ್ಲೇ ಬೆರಗಾಗುವಂತೆ ಚೇತರಿಕೆ ತರುತ್ತದೆ, ಆದರೆ ರಕ್ತದ ಸಕ್ಕರೆ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಹೆಚ್ಚು ದಿನ ಕೊಟ್ಟರೆ ತೊಡೆಯ ಸ್ನಾಯು ಸೋತು ನೆಲದಿಂದ ಏಳಲಾಗುವುದಿಲ್ಲ. ಅದನ್ನು ವೈದ್ಯರು ಹಂತಹಂತವಾಗಿ ಇಳಿಸಬೇಕು. ಚೆನ್ನಾಗಿದ್ದಾರೆಂದು ನೀವೇ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು ತರುತ್ತದೆ. ಅಮ್ಮ ಎಂದೂ ಹೀಗೆ ಬೈದವರಲ್ಲ ಎಂದು ನೊಂದುಕೊಳ್ಳುವ ಮೊದಲು ಅದನ್ನು ವೈದ್ಯರಿಗೆ ತಿಳಿಸಿ, ಬದಲಿ ಮಾತ್ರೆಗಳಿವೆ. ಟೆಮೊಜೊಲೊಮೈಡ್ ನಡೆಯುತ್ತಿರುವಾಗ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ಬಿಳಿ ರಕ್ತಕಣ ಕುಸಿದಿರಬಹುದು. ಒಂದೇ ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ. ಈ ಕಾಯಿಲೆಯಲ್ಲಿ ಅದು ಅಪರೂಪವಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಟಿ ಔಷಧಿ ಕೊಡಬೇಕೆಂದು ಬಂಧುಗಳು ಒತ್ತಾಯಿಸುತ್ತಾರೆ. ಏನೇ ಕೊಟ್ಟರೂ ವೈದ್ಯರಿಂದ ಮುಚ್ಚಿಡಬೇಡಿ, ಮತ್ತು ಅದಕ್ಕಾಗಿ ಒಂದು ದಿನದ ರೇಡಿಯೇಷನ್ ಕೂಡ ತಪ್ಪಿಸಬೇಡಿ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಡುತ್ತೇನೆ. ರೇಡಿಯೇಷನ್ ಮುಗಿದ ಸುಮಾರು ಒಂದು ತಿಂಗಳಿಗೆ ಮಾಡುವ ಎಂಆರ್‌ಐನಲ್ಲಿ ಗೆಡ್ಡೆ ಬೆಳೆದಂತೆ ಕಾಣಬಹುದು. ಮೊದಲ ಮೂರು ತಿಂಗಳಲ್ಲಿ ಇದು ಎಷ್ಟೋ ಸಲ ಚಿಕಿತ್ಸೆಯಿಂದಲೇ ಆದ ಉರಿಯೂತವಾಗಿದ್ದು, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ರೋಗಿ ಆರಾಮವಾಗಿದ್ದರೆ ಅದೇ ಮಾತ್ರೆ ಮುಂದುವರಿಸಿ ಮರುಸ್ಕ್ಯಾನ್‌ಗೆ ಕಾಯುವುದೇ ಸರಿಯಾದ ನಡೆ. ಆ ಒಂದು ವರದಿಯ ಹೆದರಿಕೆಯಿಂದ ಚಿಕಿತ್ಸೆ ಕೈಬಿಡಬೇಡಿ. ನಿಜವಾಗಿ ರೋಗ ಮರಳಿದಾಗ, ಬಹುಪಾಲು ಜನರಲ್ಲಿ ಒಂದಲ್ಲ ಒಂದು ದಿನ ಅದು ಮರಳುತ್ತದೆ, ಮತ್ತೆ ಶಸ್ತ್ರಚಿಕಿತ್ಸೆ, ಬೇರೆ ಕೀಮೋ, ಊತವನ್ನು ಚೆನ್ನಾಗಿ ಇಳಿಸುವ ಆದರೆ ಆಯುಷ್ಯ ಹೆಚ್ಚಿಸುವುದೆಂದು ಸಾಬೀತಾಗದ ಬೆವಾಸಿಜುಮಾಬ್, ಹೀಗೆ ಕೆಲವು ದಾರಿಗಳಿವೆ. ನೋವು, ನಿದ್ದೆ, ನುಂಗುವ ತೊಂದರೆಗಳನ್ನು ನೋಡಿಕೊಳ್ಳುವ ಉಪಶಮನ ವೈದ್ಯರ ಪರಿಚಯವನ್ನು ಆಗ ಅಲ್ಲ, ಈಗಲೇ ಮಾಡಿಕೊಳ್ಳಿ. ಮುಂದೆ ಮನೆಯಲ್ಲಿ ನಿಭಾಯಿಸಲಾಗದಂಥ ಹಂತ ಬಂದರೆ, ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗೆ ಇಂತಹ ಆರೈಕೆಯನ್ನು ಉಚಿತವಾಗಿ ನೀಡುತ್ತದೆ.

ಮೊಬೈಲ್ ಮತ್ತು ಮಕ್ಕಳ ಬಗೆಗಿನ ಪ್ರಶ್ನೆಗೆ ಉತ್ತರ ಚಿಕ್ಕದು. ಮೊಬೈಲ್ ತರಂಗಗಳನ್ನು 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಮೊಬೈಲ್ ಬಳಕೆ ಎಷ್ಟೋ ಪಟ್ಟು ಹೆಚ್ಚಿದ ದೇಶಗಳಲ್ಲಿ ಈ ಗೆಡ್ಡೆ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ, ಮತ್ತು ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಪರಾಮರ್ಶೆಗೆ ಸಂಬಂಧ ಕಂಡುಬರಲಿಲ್ಲ. ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ, ತಲೆಗೆ ಹಿಂದೆ ಕೊಟ್ಟ ರೇಡಿಯೇಷನ್ ಚಿಕಿತ್ಸೆ. ಲೀ-ಫ್ರೌಮೆನಿಯಂತಹ ಅಪರೂಪದ ಆನುವಂಶಿಕ ಸ್ಥಿತಿಗಳನ್ನು ಬಿಟ್ಟರೆ ಇದು ಮನೆತನದಲ್ಲಿ ಹರಿದುಬರುವ ಕಾಯಿಲೆಯಲ್ಲ. ನಿಮ್ಮ ಮನೆಯಲ್ಲಿ ಎಳೆಯ ವಯಸ್ಸಿನಲ್ಲೇ ಹಲವರಿಗೆ ಕ್ಯಾನ್ಸರ್ ಬಂದಿಲ್ಲವಾದರೆ, ನೀವು ಮಕ್ಕಳು ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಕೊನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ: ತಿಳಿಸಬೇಕು, ಆದರೆ ಅವರು ಎಷ್ಟು ಕೇಳುತ್ತಾರೋ ಅಷ್ಟನ್ನು. ‘ನಿಮ್ಮ ಕಾಯಿಲೆಯ ಬಗ್ಗೆ ಏನು ತಿಳಿಯಬೇಕು ಅನ್ನಿಸುತ್ತದೆ, ಅಮ್ಮ?’ ಎಂದು ಕೇಳಿ ಸುಮ್ಮನೆ ಕಾಯಿರಿ. ಕೆಲವರು ಎಲ್ಲವನ್ನೂ ಕೇಳುತ್ತಾರೆ, ಕೆಲವರು ‘ನೀವು ನೋಡಿಕೊಳ್ಳಿ’ ಎನ್ನುತ್ತಾರೆ. ಎರಡೂ ಅವರ ಹಕ್ಕು. ನಿಮ್ಮ ತಾಯಿಯವರಲ್ಲಿ ವಿಶೇಷ ಕಷ್ಟವೆಂದರೆ, ಮೇಲೆ ಹೇಳಿದಂತೆ, ತನ್ನ ಎಡಭಾಗದ ಕೊರತೆ ಅವರಿಗೆ ಅರಿವಾಗದಿರಬಹುದು. ಆಗ ‘ನನಗೇನೂ ಆಗಿಲ್ಲ, ಊರಿಗೆ ಹೋಗೋಣ’ ಎನ್ನುತ್ತಾರೆ. ವಾದಿಸಬೇಡಿ. ಅವರ ಬಲಗಡೆ ಕುಳಿತು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಮಾರನೆಯ ದಿನ ಅದನ್ನೇ ಮತ್ತೆ ಹೇಳಿ. ಬ್ಯಾಂಕಿನ ನಾಮಿನಿ, ಜಮೀನಿನ ಪತ್ರ, ಯಾರ ಮನೆಯಲ್ಲಿ ಇರಲು ಇಷ್ಟ ಎಂಬಂತಹ ಮಾತುಗಳನ್ನು ಅವರ ವಿವೇಚನೆ ಗಟ್ಟಿಯಾಗಿರುವ ಈ ವಾರಗಳಲ್ಲಿ, ರೇಡಿಯೇಷನ್ನಿನ ದಣಿವು ಶುರುವಾಗುವ ಮೊದಲು ಆಡಿ. ಮತ್ತೆ ರಂಗೋಲಿ ಹಾಕಲು ಬಯಸಿದರೆ ಬೇಡವೆನ್ನಬೇಡಿ: ಎಡತುದಿಯಲ್ಲಿ ಕೆಂಪು ಬಣ್ಣದ ಒಂದು ಗೆರೆ ಎಳೆದು, ಪ್ರತಿ ಸಾಲನ್ನೂ ಅಲ್ಲಿಂದ ಆರಂಭಿಸುವಂತೆ ಪಕ್ಕದಲ್ಲಿ ಕುಳಿತು ನೆನಪಿಸಿ. ಎಡಗಡೆಗೆ ಗಮನ ತರಿಸಲು ಪುನಶ್ಚೇತನ ಚಿಕಿತ್ಸಕರೂ ಮಾಡಿಸುವುದು ಇಂತಹದೇ ಅಭ್ಯಾಸವನ್ನು.